ಮುರಿದ ಮೂರ್ತಿಗಳ ಇಗರ್ಜಿ

ನಾನು ವಿಲಾಯತಿಗೆ ಹೋಗಿ ಬಂದವನು ಎಂಬುದು ಭದ್ರಾವತಿಯ ಹಳೇನಗರದಲ್ಲಿ ಇಂದಿಗೂ ಕೆಲವರ ನೆನಪಿನಲ್ಲಿದೆ. ಹೋದದ್ದು ಜರ್ಮನಿಗೆ. ಆದರೆ ನಮ್ಮವರಿಗೆ ಸಮುದ್ರದ ಆಚೆ ಇರುವುದೆಲ್ಲ ವಿಲಾಯತಿಯೇ. ಆ ಪ್ರವಾಸದ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಶಿವಮೊಗ್ಗದ ಒಂದು ಹೈಸ್ಕೂಲಿನವರು ಕರೆಸಿ, ಹಾರ ಹಾಕಿ ಹೇಳಿಸಿದರು. ಮದುವೆ ಮನೆಗಳಲ್ಲಿ ಊಟಕ್ಕೆ ಎಲೆ ಹಾಕುವವರೆಗೆ ಹೊತ್ತು ಹೋಗಲಿ ಎಂದು ಹೇಳಿಸಿದರು. ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದು, ಮಂಜು ಬಿದ್ದ ಬೀದಿಯಲ್ಲಿ ಜಾರಿ ಕೂತದ್ದು, ಇವನ್ನು ಹೇಳಿದರೆ ಎಲ್ಲರೂ ನಗುತ್ತಿದ್ದರು. ಒಂದು ಜಾಗವನ್ನು ಮಾತ್ರ ಪ್ರತಿ ಸಲವೂ ಹಾರಿಸಿಬಿಡುತ್ತಿದ್ದೆ. ಯಾರಿಗೂ ತಿಳಿಯಲಿಲ್ಲ. ಹೇಳದೆ ಬಿಟ್ಟದ್ದು ಕೇಳುವವರಿಗೆ ಹೇಗೆ ತಿಳಿಯಬೇಕು?

ಅದನ್ನು ಕೇಳಬೇಕಾಗಿದ್ದವನು ನನ್ನ ಅಣ್ಣ. ಅವನು ಈಗ ಇಲ್ಲ. ಉಳಿದವರಿಗಾದರೂ ಹೇಳಿ ಸಾಯೋಣ ಎಂದು ಬರೆಯಲು ಕೂತಿದ್ದೇನೆ.

ಹಳೇನಗರ, ಹೊರಡುವ ಮೊದಲು

ನಮ್ಮದು ಮರಗೆಲಸದ ಮನೆತನ. ಅಪ್ಪ ಶಿವಮೊಗ್ಗದಲ್ಲಿ ಬಾಗಿಲುವಾಡ, ತೊಟ್ಟಿಲು, ದೇವರ ಮಂಟಪ ಮಾಡಿಕೊಂಡಿದ್ದರು. ಅಣ್ಣ ಈರಾಚಾರಿಯ ಕೈಗೆ ಉಳಿ ಕೊಟ್ಟರು, ನನ್ನ ಕೈಗೆ ಸ್ಲೇಟು ಕೊಟ್ಟರು. ಮನೆಗೆ ಬಂದವರು ಅಣ್ಣ ಕೆತ್ತಿದ ಗಿಳಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವರು. ನನ್ನ ಸ್ಲೇಟನ್ನು ಯಾರೂ ತಿರುಗಿಸಿ ನೋಡಲಿಲ್ಲ. ಹೈಸ್ಕೂಲು ಮುಗಿಸಿದ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತನಾದೆ. ತಿಂಗಳ ಸಂಬಳದ ರುಚಿ ಹತ್ತಿದ್ದೇ ಅಣ್ಣನನ್ನೂ ಅಲ್ಲಿಗೆ ಎಳೆದೆ. ಎರಕ ಹೊಯ್ಯುವುದಕ್ಕೆ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿ ಮರಳಿನಲ್ಲಿ ಒತ್ತಬೇಕು. ಆ ಮರದ ಆಕಾರಕ್ಕೆ ಅಲ್ಲಿ ಪ್ಯಾಟ್ರನ್ ಎನ್ನುತ್ತಾರೆ. "ದೇವರು ಮಾಡೋ ಕೈಲಿ ಗಾಲಿ ಮಾಡು ಅಂತೀಯೇನೋ?" ಎಂದು ಅಣ್ಣ ಗೊಣಗಿದ. ಆದರೂ ಬಂದ. ಕೆಲವು ವರ್ಷಗಳಲ್ಲಿ ದುಂಡು ಗರಗಸ ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದುಕೊಂಡಿತು. ಗರಗಸದ್ದು ತಪ್ಪಲ್ಲ, ಯಾರದ್ದೂ ಅಲ್ಲ. ಆದರೆ ಅವನನ್ನು ಅದರ ಮುಂದೆ ನಿಲ್ಲಿಸಿದವನು ನಾನು.

ಅಂದಿನಿಂದ ನಾನು ಅವನ ಜೊತೆ ಮಾತಾಡುವಾಗ ಅವನ ಎಡಗಡೆ ಕೂರುವುದನ್ನು ರೂಢಿ ಮಾಡಿಕೊಂಡೆ.

ಅದೇ ಹೊತ್ತಿಗೆ ಹೊಳೆದಡದ ನಮ್ಮ ಕೇರಿಯ ಅಮ್ಮನ ಮರದ ಮೂರ್ತಿಗೆ ಗೆದ್ದಲು ಹಿಡಿಯಿತು. ಹೊಸ ಮೂರ್ತಿ ಆಗಬೇಕು ಎಂದರು. ಅಣ್ಣ ಯಾರನ್ನೂ ಕೇಳದೆ ಒಂದು ಹೆಬ್ಬಲಸಿನ ದಿಮ್ಮಿ ತಂದು ಹಿತ್ತಲಲ್ಲಿ ಕೆತ್ತಲು ಶುರು ಮಾಡಿದ. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಉಳಿ ಸಿಕ್ಕಿಸಿಕೊಂಡು ಕೆತ್ತುತ್ತಿದ್ದ. ಮಳೆಗಾಲವೆಲ್ಲ ಕೆತ್ತಿದ. ಕಾರ್ತಿಕದ ಹೊತ್ತಿಗೆ ನಾಲ್ಕು ಕೈಯ ಅಮ್ಮ ಕೂತಿದ್ದಳು. ಕಣ್ಣು ಮಾತ್ರ ಬರೆದಿರಲಿಲ್ಲ. ಕಣ್ಣನ್ನು ಕೊನೆಗೆ, ಪ್ರತಿಷ್ಠೆಯ ದಿನ ಬರೆಯಬೇಕು. ಕೆತ್ತಿದವನೇ ಬರೆಯಬೇಕು. ಅವನು ಅವಳ ಎದುರು ನಿಲ್ಲುವ ಹಾಗಿಲ್ಲ. ಪಕ್ಕದಲ್ಲಿ ನಿಂತು, ಎದುರಿಗೆ ಹಿಡಿದ ಕನ್ನಡಿಯಲ್ಲಿ ನೋಡಿಕೊಂಡು ಬರೆಯಬೇಕು, ಏಕೆಂದರೆ ಅವಳ ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರದು. ಬೇರೆಯವರು ಕಣ್ಣು ಬರೆದರೆ ಅದು ದೇವರಲ್ಲ, ಬರಿಯ ಗೊಂಬೆ. ಇದು ನಮ್ಮ ಕುಲದ ಕಟ್ಟು.

ಇನ್ನೊಂದು ಕಟ್ಟೂ ಇತ್ತು. ಅಂಗ ಊನವಾದವನ ಕೈ ದೇವರ ಕಣ್ಣನ್ನು ತೆರೆಸಬಾರದು.

ಗುಡಿಯ ಜಗಲಿಯಲ್ಲಿ ಪಂಚಾಯಿತಿ ಸೇರಿತು. ಪಟೇಲರು ಒಳ್ಳೆಯವರು, ಜಗಳ ಬೇಡದವರು. ಅವರು ನನ್ನನ್ನೇ ನೋಡಿ ಹೇಳಿದರು:

"ಆಚಾರ್ರೇ, ಅಮ್ಮನ ಮುಖ ಕಂಡ್ರೆ ತಾನಾಗೇ ಕೈ ಮುಗಿಯೋ ಹಂಗಿದೆ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಊನದ ಕೈ ಊರಿಗೆ ಆಗಿಬರುತ್ತಾ ಅಂತ ಇವರೆಲ್ಲ ಕೇಳ್ತಾ ಇದಾರೆ. ಇದು ನಿಮ್ಮ ಕುಲದ ಮಾತು. ನೀವು ಓದಿದೋರು. ನೀವು ಆಗ್ಲಿ ಅಂದ್ರೆ ನಮ್ದೇನೂ ತಕರಾರಿಲ್ಲ."

ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಬಲಗೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದ.

"ವಿಚಾರ ಮಾಡಿ ಹೇಳ್ತೀನಿ" ಎಂದೆ.

"ಯಾವಾಗ ಹೇಳ್ತೀರಿ? ನೀವು ಹಡಗು ಹತ್ತೋಕೆ ಹೊರಟೋರು."

"ಅಲ್ಲಿಂದ ತಂತಿ ಕೊಡ್ತೀನಿ."

"ಆಗ್ಲಪ್ಪ. ಮಾಘದ ಹುಣ್ಣಿಮೆವರೆಗೂ ಕಾಯ್ತೀವಿ. ನಿಮ್ಮ ಮಾತು ಬರಲಿಲ್ಲ ಅಂದ್ರೆ ಸಾಗರ ಸೀಮೆ ಕಡೆಯಿಂದ ಬೇರೆ ಆಚಾರಿ ಕರೆಸಬೇಕಾಗುತ್ತೆ. ಇವಳನ್ನ ಹೊಳೆಗೆ ಬಿಡಬೇಕಾಗುತ್ತೆ."

ದಾರಿಯಲ್ಲಿ ಅಣ್ಣ ಒಂದೇ ಮಾತು ಆಡಿದ: "ಏನೋ ಅಷ್ಟು ವಿಚಾರ ಮಾಡೋದು, ರುದ್ರಾ? ನನ್ನ ಕೈ ನೋಡ್ಬೇಡ ಮಾರಾಯ. ಅವಳ ಮುಖ ನೋಡು."

ನಾನು ರಸ್ತೆ ನೋಡುತ್ತ ನಡೆದೆ.

ಹಡಗು

ಕಾರ್ಖಾನೆಗೆ ಜರ್ಮನಿಯಿಂದ ಕೆಲವು ಯಂತ್ರಗಳೂ ಮರದ ಪ್ಯಾಟ್ರನ್ನುಗಳೂ ಬರಬೇಕಿತ್ತು. ಪರೀಕ್ಷೆ ಮಾಡಿ, ಪೆಟ್ಟಿಗೆ ಕಟ್ಟಿಸಿಕೊಂಡು ಬರಲು ಎಂಜಿನಿಯರ್ ಶಾಮರಾಯರ ಜೊತೆಗೆ ಒಬ್ಬನನ್ನು ಕಳಿಸುವುದೆಂದಾಯಿತು. ಆ ಒಬ್ಬನಿಗೆ ಮರವೂ ಗೊತ್ತಿರಬೇಕು, ಇಂಗ್ಲಿಷೂ ಗೊತ್ತಿರಬೇಕು. ಮರವನ್ನು ಪೂರ್ತಿ ಬಲ್ಲವನು ಅಣ್ಣ, ಅವನಿಗೆ ಇಂಗ್ಲಿಷಿಲ್ಲ. ಎರಡನ್ನೂ ಅರ್ಧರ್ಧ ಬಲ್ಲವನು ನಾನು. ನಾನು ಹೋದೆ.

ಬೊಂಬಾಯಿ ದಾಟಿದ ಮೇಲೆ ಬಹಳ ದಿನ ನನಗೆ ತಲೆ ಎತ್ತಲಾಗಲಿಲ್ಲ. ಶಾಮರಾಯರು ಬೆಂಗಳೂರಿನವರು, ವಿನೋದದ ಮನುಷ್ಯ. ನಿಂಬೆಹಣ್ಣು ಹಿಡಿದು ಬಂದು, "ಏನ್ರೀ ರುದ್ರಾಚಾರ್, ಸಮುದ್ರ ಒಂದು ಹನಿ ಕಡಿಮೆಯಾಗಿದೆ ಅಂತ ಕಪ್ತಾನ ಗಾಬರಿಯಾಗಿದ್ದ. ನೀವು ಭರ್ತಿ ಮಾಡಿದ್ದು ಒಳ್ಳೇದಾಯ್ತು" ಎನ್ನುತ್ತಿದ್ದರು. ಹೊಟ್ಟೆ ಸರಿಹೋದ ಮೇಲೆ ಕಟಕಟೆ ಹಿಡಿದು ನಿಂತರೆ ನೀರು, ನೀರು, ನೀರು. ಹೊಳೆ ಕಂಡವನಿಗೆ ಆಚೆ ದಡ ಇಲ್ಲದ ನೀರು ಹೆದರಿಕೆ ಹುಟ್ಟಿಸುತ್ತದೆ. ತಂತಿಯಲ್ಲಿ ಏನು ಬರೆಯಬೇಕು ಎಂದು ದಿನವೂ ಯೋಚಿಸುತ್ತಿದ್ದೆ. ದಿನವೂ ನಾಳೆಗೆ ಮುಂದೂಡುತ್ತಿದ್ದೆ. ಹಡಗಿನಲ್ಲಿ ಇದೊಂದು ಅನುಕೂಲ. ಅಲ್ಲಿ ಇರುವವರೆಗೆ ಮನುಷ್ಯ ಯಾವ ಊರಿಗೂ ಸೇರಿದವನಲ್ಲ.

ರೈನ್ ದಡದ ಊರು

ಆ ಊರಿನ ಹೆಸರನ್ನು ನಾನು ಸರಿಯಾಗಿ ಉಚ್ಚರಿಸಿದ್ದೇ ಇಲ್ಲ, ಆದ್ದರಿಂದ ಬರೆಯುವುದೂ ಇಲ್ಲ. ರೈನ್ ಎಂಬ ದೊಡ್ಡ ಹೊಳೆಯ ದಂಡೆಯಲ್ಲಿತ್ತು. ಕಲ್ಲಿದ್ದಲು ತುಂಬಿದ ಉದ್ದನೆಯ ದೋಣಿಗಳು ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗುತ್ತಿದ್ದವು. ಸೂರ್ಯ ಮಧ್ಯಾಹ್ನ ಮುಖ ತೋರಿಸಿ, ಬೇಡದ ಮನೆಗೆ ಬಂದ ನೆಂಟನಂತೆ ಬೇಗ ಎದ್ದು ಹೋಗುತ್ತಿದ್ದ.

ನಾವು ಒಬ್ಬ ವಿಧವೆಯ ಮನೆಯಲ್ಲಿ ಇಳಿದುಕೊಂಡೆವು. ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ನಮ್ಮನ್ನು ಕಾಯಿಲೆಯವರೆಂದು ತಿಳಿದಳು. ಬೆಳಿಗ್ಗೆ ಬೇಯಿಸಿದ ಆಲೂಗಡ್ಡೆ, ಮಧ್ಯಾಹ್ನ ಹಿಸುಕಿದ ಆಲೂಗಡ್ಡೆ, ಸಂಜೆ ಅದೇ ಆಲೂಗಡ್ಡೆಯ ಸಾರು. "ಇನ್ನೊಂದು ವಾರ ಇದ್ರೆ ನಮಗೇ ಮೊಳಕೆ ಬರುತ್ತೆ ಕಣ್ರೀ" ಎಂದರು ಶಾಮರಾಯರು. ಮಲಗಲು ಕೊಟ್ಟ ಗರಿಯ ಹೊದಿಕೆ ಹಾಸಿಗೆಯಷ್ಟೇ ದಪ್ಪವಿತ್ತು. ಯಾವುದನ್ನು ಹಾಸಬೇಕು, ಯಾವುದನ್ನು ಹೊದೆಯಬೇಕು ತಿಳಿಯದೆ ಮೊದಲ ರಾತ್ರಿ ಹೊದಿಕೆಯ ಮೇಲೆ ಮಲಗಿ ನಡುಗಿದೆ.

ನಗು ಅಷ್ಟಕ್ಕೇ ಮುಗಿಯಿತು. ಬೀದಿಗೆ ಇಳಿದರೆ ಕೆಲಸವಿಲ್ಲದ ಗಂಡಸರು ಸಾಲು ನಿಂತಿರುತ್ತಿದ್ದರು, ಕೈಯಲ್ಲಿ ಧರ್ಮದ ಸಾರು ಹಾಕಿಸಿಕೊಳ್ಳಲು ಒಂದೊಂದು ತಗಡಿನ ಡಬ್ಬಿ. ಹಳೆಯ ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು ಎಲ್ಲೆಲ್ಲೂ ಇದ್ದರು. ಪೇಟೆಯ ಚೌಕದಲ್ಲಿ, ಸೇತುವೆಯ ಮೇಲೆ, ಮರದ ಕಾಲು ಕುಟ್ಟಿಕೊಂಡು, ಖಾಲಿ ತೋಳಿಗೆ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದರು. ನಮ್ಮೂರಿನಲ್ಲಿ ಊನವಾದವನು ಮನೆಯೊಳಗೆ ಇರುತ್ತಾನೆ, ಶುಭಕಾರ್ಯದ ದಿನ ಹಿತ್ತಲಲ್ಲಿರುತ್ತಾನೆ. ಇಲ್ಲಿ ಅವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ಕರುಣೆಯೋ, ನೋಡಿ ನೋಡಿ ಬಂದ ಬೇಸರವೋ ಹೇಳಲಾರೆ. ನಾನು ಮಾತ್ರ ಪ್ರತಿಯೊಬ್ಬನ ಕೈಯನ್ನೂ ನೋಡುತ್ತಿದ್ದೆ. ಮನೆಯಲ್ಲಿ ನೋಡಲಾರದ್ದನ್ನು ಅಲ್ಲಿ ನೋಡುತ್ತಿದ್ದೆ.

ಇಗರ್ಜಿ

ಒಂದು ಭಾನುವಾರ ಕಾರ್ಖಾನೆಗೆ ರಜೆ. ಶಾಮರಾಯರಿಗೆ ನೆಗಡಿ. ನಾನೊಬ್ಬನೇ ಹೊಳೆದಂಡೆಯಲ್ಲಿ ನಡೆಯುತ್ತಾ ಹೋಗಿ, ಚಳಿ ತಡೆಯಲಾರದೆ ಒಂದು ಹಳೆಯ ಇಗರ್ಜಿಗೆ ಹೊಕ್ಕೆ. ಹೊಗುವಾಗ ಅಭ್ಯಾಸಬಲದಿಂದ ಬೂಟನ್ನು ಮೆಟ್ಟಿಲ ಮೇಲೆ ಬಿಟ್ಟೆ. ಕಾಲುಚೀಲದಲ್ಲಿ ಕಲ್ಲುನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಬಾಗಿಲ ಕಾವಲಿನವನು ಬೂಟುಗಳನ್ನು ಎದೆಗೆ ಅವಚಿಕೊಂಡು ಓಡಿ ಬಂದ. ಅವುಗಳೊಳಗೆ ಆಗಲೇ ಒಂದಿಷ್ಟು ಮಂಜು ಬಿದ್ದಿತ್ತು. ಎಡಗೈಯಿಂದ ಒಂದನ್ನು ತಲೆಕೆಳಗು ಮಾಡಿ ಕೊಡವಿ, ನೆಲದ ಮೇಲಿಟ್ಟು, ಆಮೇಲೆ ಇನ್ನೊಂದನ್ನು ಕೊಡವಿದ. ಅವನ ಬಲತೋಳು ಮೊಣಕೈಯಲ್ಲೇ ಮುಗಿದಿತ್ತು.

ಅಷ್ಟರಲ್ಲಿ ಒಬ್ಬರು ವಯಸ್ಸಾದ ಪಾದ್ರಿಗಳು ಬಂದರು. ಹರೆಯದಲ್ಲಿ ಇಂಗ್ಲೆಂಡಿನಲ್ಲಿದ್ದವರಂತೆ. ಇಂಗ್ಲಿಷಿನಲ್ಲಿ, "ಬೂಟು ಹಾಕಿಕೊಳ್ಳಿ, ದೇವರಿಗೆ ಬೇಸರವಿಲ್ಲ. ಇದು ಈಗ ಪೂಜೆಯ ಜಾಗವೂ ಅಲ್ಲ" ಎಂದರು. ನಾನು ಹೊಕ್ಕಿದ್ದು ಆ ಇಗರ್ಜಿಯ ಪಕ್ಕದ ಮಂಟಪ. ಅದನ್ನು ಅವರು ಮ್ಯೂಸಿಯಂ ಮಾಡಿದ್ದರು. ಸುತ್ತಲಿನ ಹಳ್ಳಿಗಳ ಇಗರ್ಜಿಗಳ ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ಬಿದ್ದಿದ್ದ ಹಳೆಯ ಮರದ ಮೂರ್ತಿಗಳನ್ನು ತಂದು ನಿಲ್ಲಿಸಿದ್ದರು. ಅವುಗಳ ನಡುನಡುವೆ ಈ ಕಾಲದವರು ಮಾಡಿದ ಹೊಸ ಮೂರ್ತಿಗಳನ್ನೂ ಚಿತ್ರಗಳನ್ನೂ ಇಟ್ಟಿದ್ದರು. ಯಾವುದರ ಕೆಳಗೂ ಹೆಸರಿಲ್ಲ, ಕಾಲವಿಲ್ಲ. ಹಳೆಯದು ಯಾವುದು ಹೊಸದು ಯಾವುದು ಎಂದು ನೋಡುವವನೇ ತಿಳಿಯಬೇಕು, ತಿಳಿಯದಿದ್ದರೂ ನಡೆಯುತ್ತದೆ.

ನಾನು ನಿಂತಲ್ಲೇ ನಿಂತೆ. ಅಲ್ಲಿದ್ದ ಮೂರ್ತಿಗಳಲ್ಲಿ ನೆಟ್ಟಗಿದ್ದುದು ಒಂದೂ ಇಲ್ಲ. ಮೂಗು ಹಾರಿದ ಸಂತ. ಪಾದವಿಲ್ಲದ ದೇವದೂತ. ನಡುವೆ ಮೇರಿ ತಾಯಿ, ಹುಳು ತಿಂದ ತೂತುಗಳು ಮೈತುಂಬ. ಮಗುವನ್ನು ಹಿಡಿದಿದ್ದ ಕೈಯೇ ಇಲ್ಲ, ಮಗುವೂ ಇಲ್ಲ. ಅವಳ ಮುಖಕ್ಕೆ ಮೇಲಿನ ಕಿಟಕಿಯಿಂದ ಬೆಳಕು ಬೀಳುವಂತೆ ಅಳೆದು ಇಟ್ಟಿದ್ದರು. ಭಿನ್ನವಾದ ವಿಗ್ರಹವನ್ನು ಕಂಡರೆ ನನ್ನಂಥವನ ಮೈ ಜುಮ್ಮೆನ್ನುತ್ತದೆ. ಮುರಿದ ಕ್ಷಣವೇ ದೇವರು ಅದರಿಂದ ಎದ್ದು ಹೋಗುತ್ತಾನೆ, ಉಳಿದದ್ದನ್ನು ನೀರಿಗೆ ಬಿಡಬೇಕು ಎಂದು ಕಲಿತವನು ನಾನು. ಪಾದ್ರಿಗಳನ್ನು ಕೇಳಿಯೇಬಿಟ್ಟೆ:

"ಇಷ್ಟು ಹತ್ತಿರ ಇಷ್ಟು ದೊಡ್ಡ ಹೊಳೆ ಇದೆ. ಇವನ್ನೆಲ್ಲ ಯಾಕೆ ನೀರಿಗೆ ಬಿಟ್ಟಿಲ್ಲ?"

ಅವರಿಗೆ ನಾನು ಹೇಳಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಲಿಲ್ಲ. "ನೀರಿಗಲ್ಲ, ಬೀದಿಗೆ ಬಿಟ್ಟಿದ್ದರು" ಎಂದರು. "ಇವಳನ್ನು ಹಿಂದಿನ ಒಂದು ಕಾಲದಲ್ಲಿ ಜನರೇ ಕೊಡಲಿಯಿಂದ ಕಡಿದು ಹೊರಗೆ ಎಸೆದರು. ಅವರೂ ದೇವರ ಹೆಸರಿನಲ್ಲಿಯೇ ಮಾಡಿದರು. ಒಬ್ಬ ರೈತನ ಮನೆಯಲ್ಲಿ ಕುರಿದೊಡ್ಡಿಗೆ ಅಡ್ಡ ಹಾಕಿದ್ದರು. ನಾನು ತಂದೆ."

ಅಷ್ಟರಲ್ಲಿ ತಲೆಗೆ ಕರಿಬಟ್ಟೆ ಕಟ್ಟಿದ ಒಬ್ಬ ಮುದುಕಿ ಬಂದು ಆ ಕೈಯಿಲ್ಲದ ತಾಯಿಯ ಮುಂದೆ ನಿಂತು ತುಟಿ ಅಲ್ಲಾಡಿಸತೊಡಗಿದಳು. ಪೂಜೆಯ ಜಾಗ ಅಲ್ಲ ಎಂದಿದ್ದ ಪಾದ್ರಿಗಳು ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಕಾವಲಿನವನು ಕುರ್ಚಿಯನ್ನು ಸದ್ದಾಗದಂತೆ ಅವಳ ಹಿಂದಕ್ಕೆ ಸರಿಸಿದ.

ಆ ತಾಯಿಯ ಎದುರಿಗೆ ಇನ್ನೊಂದು ಮರದ ಹೆಂಗಸು ಕೂತಿದ್ದಳು. ಒರಟು ಕೆಲಸ. ಉಳಿಯ ಹೊಡೆತಗಳನ್ನು ಉಜ್ಜದೆ ಹಾಗೇ ಬಿಟ್ಟಿದ್ದರು. ಎರಡು ತೋಳೂ ಮೊಣಕೈಗೆ ನಿಂತಿದ್ದವು. ಮಡಿಲು ಬರಿದು. ನನಗೆ ಅದೇ ಹಳೆಯದಾಗಿ ಕಂಡಿತು.

"ಇವಳ ಕೈ ಯಾರು ಕಡಿದರು?" ಎಂದೆ.

"ಯಾರೂ ಕಡಿಯಲಿಲ್ಲ. ಮಾಡಿದವನೇ ಹೀಗೆ ಮಾಡಿದ."

"ಯಾಕೆ?"

"ಅವನನ್ನೇ ಕೇಳಿ. ನಿಮ್ಮ ಬೂಟು ತಂದುಕೊಟ್ಟನಲ್ಲ, ಅವನೇ. ಉಳಿಯನ್ನು ಮೋಟು ತೋಳಿಗೆ ಕಟ್ಟಿಕೊಂಡು ಕೆತ್ತಿದ."

ಹೋಗಿ ಆ ಮರದ ಹತ್ತಿರ ಬಗ್ಗಿ ಮೂಸಿ ನೋಡಿದೆ. ಯಾವ ಮರವೋ ತಿಳಿಯಲಿಲ್ಲ. ಆದರೆ ಉಳಿ ಮರದ ನಾರನ್ನು ಅನುಸರಿಸಿ ಹೋಗಿತ್ತು. ಅದು ನನಗೆ ತಿಳಿಯುತ್ತದೆ. ನಾನು ಮೂಸಿದ್ದನ್ನು ಕಂಡು ಕಾವಲಿನವನು ಹತ್ತಿರ ಬಂದ. ಪಾದ್ರಿಗಳ ಮೂಲಕ ಕೇಳಿದ, "ಮರದ ಕೆಲಸದವರೇ?"

"ನಾನಲ್ಲ. ನನ್ನ ಅಣ್ಣ."

"ಏನು ಮಾಡುತ್ತಾನೆ?"

ಅಲ್ಲಿ, ನನ್ನ ಕುಲ ಗೊತ್ತಿಲ್ಲದ ಆ ಇಬ್ಬರ ಮುಂದೆ, ನಾನು ಎಲ್ಲ ಹೇಳಿದೆ. ಗರಗಸ, ಎರಡು ಬೆರಳು, ಕಣ್ಣು ಬರೆಯದೆ ಕೂತಿರುವ ಅಮ್ಮ, ಕೊಡಬೇಕಾದ ತಂತಿ. ಕಾವಲಿನವನು ತಲೆ ಬಾಗಿಸಿ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ: "ನಿಮ್ಮ ತಾಯಿಗೆ ಕೈ ಎಷ್ಟು?"

"ನಾಲ್ಕು" ಎಂದೆ.

ಅವನ ಮುಖ ಮೊದಲ ಸಲ ಅರಳಿತು. "ನಾಲ್ಕೇ! ಹಾಗಾದರೆ ಅಣ್ಣನಿಗೆ ಒಂದು ಕೊಟ್ಟರೆ ಅವಳಿಗೇನೂ ಕಡಿಮೆಯಾಗುವುದಿಲ್ಲ."

ನಾನು ನಕ್ಕೆ. ಊರು ಬಿಟ್ಟ ಮೇಲೆ ಮನಸಾರೆ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಕಣ್ಣಿಗೆ ನೀರು ಬಂತು. ಹೊರಡುವಾಗ ಅವನ ಮೋಟು ತೋಳನ್ನು ಎರಡೂ ಕೈಯಿಂದ ಹಿಡಿದೆ. ಬಟ್ಟೆಯ ಒಳಗೆ ಬೆಚ್ಚಗಿತ್ತು. ನಾಳೆ ಬೆಳಿಗ್ಗೆ ತಂತಿ ಕೊಡುತ್ತೇನೆ ಎಂದು ಅವರಿಬ್ಬರಿಗೂ ಮಾತು ಕೊಟ್ಟೆ.

ತಂತಿ ಆಫೀಸು

ಬೆಳಿಗ್ಗೆ ಹೋದೆ. ಅದನ್ನು ಮರೆಯಲಿಲ್ಲ. ಫಾರಂ ತೆಗೆದುಕೊಂಡು ಮೇಜಿನ ಮುಂದೆ ನಿಂತು, ಪಟೇಲರ ವಿಳಾಸ ಬರೆದೆ. "ಅಣ್ಣನೇ ಕಣ್ಣು ಬರೆಯಲಿ" ಎಂಬುದಕ್ಕೆ ಇಂಗ್ಲಿಷ್ ಜೋಡಿಸುತ್ತಿದ್ದೆ. ಹಿಂದಿನಿಂದ ಶಾಮರಾಯರ ದನಿ ಕೇಳಿತು. ಅವರು ನೆಗಡಿಯ ಮೂಗು ಒರೆಸಿಕೊಳ್ಳುತ್ತ ಯಾವುದೋ ಆಫೀಸು ಕೆಲಸಕ್ಕೆ ಬಂದಿದ್ದರು.

"ಏನ್ರೀ ಇದು, ಬೆಳಬೆಳಿಗ್ಗೆ ತಂತಿ! ಊರಲ್ಲಿ ಎಲ್ಲ ಸೌಖ್ಯ ತಾನೆ?"

"ಸೌಖ್ಯ ಸಾರ್. ನಾನು ಕ್ಷೇಮ ಅಂತ ತಿಳಿಸೋಣ ಅಂತ."

"ಓಹೋ, ಮನೆಯವರು ಕಾಯ್ತಾ ಇರ್ತಾರೆ. ಕೊಡಿ, ಕೊಡಿ" ಎಂದು ಪಕ್ಕದಲ್ಲೇ ನಿಂತರು.

ನಾನು ಕ್ಷೇಮ ಎಂದು ಬರೆದೆ. ಅಷ್ಟೇ ಬರೆದೆ. ಗುಮಾಸ್ತೆ ಪದ ಎಣಿಸಿ, ಮುದ್ರೆ ಒತ್ತಿದಳು.

ಎಂಜಿನಿಯರರ ಎದುರು ಕೇರಿಯ ದೇವರ ಪಂಚಾಯಿತಿ ಬಿಚ್ಚಲು ನಾಚಿಕೆಯಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಶಾಮರಾಯರು ಅರ್ಧ ಗಳಿಗೆಯಲ್ಲಿ ಹೊರಟುಹೋದರು. ನಾನು ಮತ್ತೊಂದು ಫಾರಂ ತೆಗೆದುಕೊಳ್ಳಬಹುದಿತ್ತು. ಆ ಊರಿನಲ್ಲಿ ಇನ್ನೂ ಬಹಳ ದಿನ ಇದ್ದೆ, ಆ ಆಫೀಸಿನ ಮುಂದೆ ದಿನವೂ ಹಾದು ಹೋದೆ. ಮಾಘದ ಹುಣ್ಣಿಮೆಗೆ ಇನ್ನೂ ದಿನಗಳಿದ್ದವು.

ನಿಜ ಇಷ್ಟು. ನಾನು ಆಗಲಿ ಎಂದಿದ್ದರೆ, ಆ ದಿನ ಗುಡಿಯಲ್ಲಿ ಇಡೀ ಊರು ಸೇರುತ್ತಿತ್ತು. ಅಣ್ಣ ಕುಂಚ ಹಿಡಿದು ಕೈ ಎತ್ತುತ್ತಿದ್ದ. ಎದುರಿನ ಕನ್ನಡಿಯಲ್ಲಿ ಮೂರು ಬೆರಳಿನ ಕೈ ಎಲ್ಲರಿಗೂ ಕಾಣುತ್ತಿತ್ತು. ಅದನ್ನು ನೋಡಿದ ಪ್ರತಿಯೊಬ್ಬನೂ ಅವನನ್ನು ಕಾರ್ಖಾನೆಗೆ ಕರೆತಂದವನು ಯಾರು ಎಂದು ನೆನೆಯುತ್ತಿದ್ದ. ಅಮ್ಮ ಕನ್ನಡಿಯಲ್ಲಿ ಆ ಕೈಯನ್ನೇ ಮೊದಲು ನೋಡುತ್ತಿದ್ದಳು. ಆಮೇಲೆ ನನ್ನನ್ನು ಹುಡುಕುತ್ತಿದ್ದಳು. ಆ ಕೈ ಮುಚ್ಚಿಕೊಂಡೇ ಇರಲಿ ಎಂದು ನಾನು ಬಯಸಿದೆ. ಇದರಲ್ಲಿ ಕುಲದ ಕಟ್ಟು ಎಳ್ಳಷ್ಟೂ ಇರಲಿಲ್ಲ. ಸ್ಲೇಟು ಹಿಡಿದ ಹುಡುಗನ ಹಳೆಯ ಹೊಟ್ಟೆಕಿಚ್ಚೂ ಒಂದಿಷ್ಟು ಇದ್ದಿರಬೇಕು.

ಆ ಇಗರ್ಜಿಯ ಕಡೆಗೆ ಮತ್ತೆ ಹೋಗಲಿಲ್ಲ. ಒಂದು ಸಂಜೆ ಸೇತುವೆಯ ಮೇಲೆ ಆ ಕಾವಲಿನವನು ಎದುರಿಗೆ ಬಂದ. ದೂರದಿಂದಲೇ ಟೊಪ್ಪಿಗೆ ಎತ್ತಿ, ಅದೇ ಕೈಯ ಬೆರಳಿನಿಂದ ತನ್ನ ಕಣ್ಣನ್ನು ತೋರಿಸಿ, ಹುಬ್ಬು ಹಾರಿಸಿ ಕೇಳಿದ: ಆಯಿತೇ? ನಾನು ಆಯಿತು ಎಂದು ತಲೆ ಆಡಿಸಿದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಮಂಜಿನ ಆ ಸೇತುವೆಯ ಮೇಲೆ ಹಿಂದಕ್ಕೆ ತಿರುಗಿ ತಿರುಗಿ ಟೊಪ್ಪಿಗೆ ಬೀಸುತ್ತ ಹೋದ.

ಭದ್ರೆಯ ದಡ

ನಾನು ಬರುವಾಗ ಬಿಸಿಲು ಏರಿತ್ತು. ಸ್ಟೇಷನ್ನಿನಲ್ಲಿ ಹಾರ, ಗುಲಾಬಿ ನೀರು, ಕಾರ್ಖಾನೆಯವರು. ಅಣ್ಣನೂ ಬಂದಿದ್ದ. "ಬಾರೋ ಸಾಹೇಬ, ಸೊರಗಿದೀಯಲ್ಲೋ" ಎಂದು ಎಡಗೈಯಿಂದ ನನ್ನ ಪೆಟ್ಟಿಗೆ ತೆಗೆದುಕೊಂಡ. ಮನೆಗೆ ಬಂದರೆ, ಹಿತ್ತಲಿನಲ್ಲಿ ಅಮ್ಮ ಕೂತಿದ್ದ ಜಾಗ ಗುಡಿಸಿ ಸಾರಿಸಿತ್ತು.

ಅಣ್ಣ ಸ್ನಾನಕ್ಕೆ ಹೋದಾಗ ಅತ್ತಿಗೆ ಗೌರಮ್ಮ ಕಾಫಿ ತಂದಿಟ್ಟು, ಗೋಡೆಯ ಕಡೆ ನೋಡಿಕೊಂಡು ಹೇಳಿದರು:

"ನಿಮ್ಮ ತಂತಿ ಬಂತು ಅಂತ ಪಟೇಲರ ಮನೆಯಿಂದ ಹೇಳಿಕಳಿಸಿದ್ರು ರುದ್ರಪ್ಪ. ನಿಮ್ಮಣ್ಣ ಬಣ್ಣ ಕಲಸಿಟ್ಟು, ಕನ್ನಡಿ ಒರೆಸಿಟ್ಟು, ಮಡಿ ಉಟ್ಕೊಂಡು ಓಡಿದ್ರು. ಇಂಗ್ಲಿಷಲ್ಲಿದೆ ಅಂತ ಸ್ಟೇಷನ್ ಮಾಸ್ಟ್ರ ಹತ್ರ ಓದಿಸಿದ್ರಂತೆ. ಕ್ಷೇಮ ಅಂತ ಇದೆ ಅಂದ್ರಂತೆ. ಇವರು, 'ಇನ್ನೂ ಏನೋ ಇರ್ಬೇಕು, ಸರಿಯಾಗಿ ನೋಡಿ ಸ್ವಾಮಿ' ಅಂದ್ರಂತೆ. ಇಷ್ಟೇ ಇರೋದು ಅಂದ್ರಂತೆ. ಮನೆಗೆ ಬಂದು, 'ಅವನು ಚೆನ್ನಾಗಿದಾನೆ ಕಣೇ, ಅಷ್ಟು ಸಾಕು' ಅಂದ್ರು. ಬಣ್ಣ ಒಣಗೋವರೆಗೂ ಅಲ್ಲೇ ಕೂತಿದ್ರು."

ಹುಣ್ಣಿಮೆ ಕಳೆದ ಮೇಲೆ ಪಟೇಲರು ಆಳುಗಳನ್ನು ಕಳಿಸಿದರಂತೆ. ಅಣ್ಣ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಹೊತ್ತುಕೊಂಡು ಹೊಳೆಗೆ ಇಳಿದ. ಕಲ್ಲಿನ ದೇವರಾದರೆ ಬಿಟ್ಟ ಕೂಡಲೇ ಮುಳುಗುತ್ತದೆ. ಇವಳು ಹೆಬ್ಬಲಸು, ತೇಲಿದಳು. ಮುಖ ಮೇಲೆ ಮಾಡಿಕೊಂಡು ತೇಲಿ ಅವನ ಎದೆಗೇ ಬಂದು ತಗುಲಿದಳು. ದಡದ ಮೇಲಿದ್ದವರು ಅಪಶಕುನ ಎಂದು ಕೂಗಿದರು. ಕಾರ್ಖಾನೆಯ ಕಡೆಯಿಂದ ಬೀಡುಕಬ್ಬಿಣದ ಒಂದು ಗಟ್ಟಿ ತಂದು, ಸರಪಳಿಯಲ್ಲಿ ಕಟ್ಟಿ ಎಂದರು. ಅಣ್ಣ ಸರಪಳಿ ಬೇಡವೆಂದ. ತೆಂಗಿನ ನಾರಿನ ಹಗ್ಗದಿಂದ ಕಟ್ಟಿ, ಸೊಂಟದ ಮೇಲೆ ನೀರಿರುವಲ್ಲಿಗೆ ನಡೆದು ಹೋಗಿ ಬಿಟ್ಟು ಬಂದ.

ಅಂದು ಊಟವಾದ ಮೇಲೆ ಅಣ್ಣ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು, ಮಗುವಿನ ಆಸೆಯಿಂದ ಕೇಳಿದ: "ಅಲ್ಲಿ ದೇವಸ್ಥಾನಗಳು ಹೆಂಗಿದಾವೋ?"

"ಕಲ್ಲಿನವು. ಬಹಳ ಎತ್ತರ" ಎಂದೆ.

"ಮರದ ಕೆಲಸ ಇದೆಯಾ?"

"ಇಲ್ಲ ಅಣ್ಣ. ನಾನು ನೋಡಲಿಲ್ಲ."

"ಅಷ್ಟು ದೂರ ಹೋಗಿ ಮರದ ಕೆಲಸ ನೋಡದೇ ಬಂದ್ಯಾ! ಪಾಪ" ಎಂದು ಅಣ್ಣ ನನಗಾಗಿ ಮರುಗಿದ.

ಅವನು ತಂತಿಯ ಮಾತು ಎತ್ತಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಉಳಿಯನ್ನೂ ಮುಟ್ಟಲಿಲ್ಲ. ಸಾಗರದ ಕಡೆಯ ಆಚಾರಿ ಮಾಡಿದ ಹೊಸ ಅಮ್ಮನಿಗೆ ಎಲ್ಲರಂತೆ ಕಾಯಿ ಒಡೆಸಿಕೊಂಡು ಬರುತ್ತಿದ್ದ. ಹಲವು ವರ್ಷದ ಮೇಲೆ, ಎರಡನೆಯ ಯುದ್ಧ ಶುರುವಾದ ವರ್ಷದ ಬೇಸಗೆಯೋ ಮುಂದಿನದೋ, ಹೊಳೆ ಬತ್ತಿ ಬಂಡೆಗಳು ಕಾಣುತ್ತಿದ್ದಾಗ, ನಾವಿಬ್ಬರೂ ಸಂಜೆ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಎಡಗಡೆ.

"ಹಗ್ಗ ಇಷ್ಟೊತ್ತಿಗೆ ಕೊಳೆತಿರುತ್ತೆ ಕಣೋ" ಎಂದ ಅಣ್ಣ.

"ಹಂಗಾದ್ರೆ ಮೇಲೆ ಬರ್ಬೇಕಿತ್ತಲ್ಲ."

"ಕಣ್ಣಿಲ್ವಲ್ಲ ಮಾರಾಯ ಅವಳಿಗೆ. ಮೇಲೆ ಯಾವ್ದು, ಕೆಳಗೆ ಯಾವ್ದು ಅಂತ ಹೆಂಗೆ ಗೊತ್ತಾಗ್ಬೇಕು?"

ಹೇಳಿ ತಾನೇ ನಕ್ಕ. ಆ ನಗು ಆ ಇಗರ್ಜಿಯ ಮೋಟುಗೈಯವನ ನಗೆಯಂತೆಯೇ ಇತ್ತು. ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂತು. ಆದರೆ ಆ ಇಗರ್ಜಿಯ ಮಾತು ತೆಗೆದರೆ ಮರುದಿನದ ತಂತಿ ಆಫೀಸಿನ ಮಾತೂ ಬರುತ್ತದೆ. ನುಂಗಿಕೊಂಡು ನಾನೂ ನಕ್ಕೆ.

ಆ ಯುದ್ಧ ಮುಗಿಯುವ ಮೊದಲೇ ಜ್ವರದಲ್ಲಿ ಅಣ್ಣ ಹೋದ. ಇತ್ತೀಚೆಗೆ ಶಾಮರಾಯರು ಸಿಕ್ಕಿದ್ದರು. ರೈನ್ ದಡದ ಆ ಊರಿನ ಮೇಲೆ ಬಾಂಬು ಬಿದ್ದು ಸೇತುವೆಯೂ ಉಳಿಯಲಿಲ್ಲವಂತೆ. ಅದಕ್ಕೂ ಮೊದಲೇ ಅಲ್ಲಿಯ ಸರಕಾರ ಹೊಸ ಬಗೆಯ ಮೂರ್ತಿಗಳನ್ನೆಲ್ಲ ವಿಕಾರವೆಂದು ಕಿತ್ತು ಹಾಕಿಸಿತ್ತಂತೆ. ಹಾಗಾದರೆ ಆ ಬರಿದು ಮಡಿಲಿನವಳೂ ಹೋಗಿರಬೇಕು. ಅವಳನ್ನು ನೋಡಿದ್ದೇನೆ ಎಂದು ಹೇಳಬಲ್ಲವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನೋಡಿಲ್ಲ ಎಂದು ಹೇಳಿದವನೂ ನಾನೇ.

ಅತ್ತಿಗೆ ಆ ಕನ್ನಡಿಯನ್ನು ನನಗೆ ಕೊಟ್ಟಿದ್ದಾರೆ. ಅದನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ಸಂಜೆ ಹೊಳೆಯ ಮೆಟ್ಟಿಲಿಗೆ ಹೋಗಿ ಕೂರುತ್ತೇನೆ. ಈಗ ಅವನ ಜಾಗದ ಬಲಗಡೆ ಕೂರುತ್ತೇನೆ. ನೀರಿನ ಮೇಲೆ ಮರದ ತುಂಡು ಏನಾದರೂ ತೇಲಿ ಬಂದರೆ ಎದ್ದು ನಿಂತು ನೋಡುತ್ತೇನೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ.

ಅಲ್ಲಿ ಮರದ ಕೆಲಸ ಇತ್ತು, ಅಣ್ಣ. ಬಹಳ ಇತ್ತು.